ದಾಟಬಾರದ ಜಾಗ ದಾಟಿದ ಐರಿಶ್ ಹುಡುಗ: ಜಿಮ್ ಸ್ಟೈನ್ಸ್ ಮೂಲಕ ಆಸ್ಟ್ರೇಲಿಯದ ಫುಟಿ

ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನ, ನಮಗೆ ಕ್ರಿಕೆಟ್ಟೇ. ಬಾಕ್ಸಿಂಗ್ ಡೇ ಟೆಸ್ಟ್, 2022ರಲ್ಲಿ ಹ್ಯಾರಿಸ್ ರೌಫ್ ಬೌಲಿಂಗ್‌ನಲ್ಲಿ ಕೊಹ್ಲಿ ನೇರಕ್ಕೆ ಎತ್ತಿದ ಆ ಸಿಕ್ಸರ್. ಮೆಲ್ಬರ್ನ್‌ನವರನ್ನು ಕೇಳಿ ನೋಡಿ, ಬೇರೆಯದೇ ಕಥೆ ಹೇಳುತ್ತಾರೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೈದಾನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನದ್ದು. ಜನ ಪ್ರೀತಿಯಿಂದ ಕರೆಯುವುದು ಫುಟಿ. ಕ್ರಿಕೆಟ್ ಪಿಚ್ಚನ್ನು ಬೇರೆ ಕಡೆ ಬೆಳೆಸಿ, ಬೇಸಿಗೆಗೆ ತಂದು ಕೂರಿಸುತ್ತಾರೆ. ಸೀಸನ್ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಫುಟಿ ಆಡುವವರ ಕಾಲಿಗೆ ಆ ಗಟ್ಟಿ ನೆಲ ಸಿಗಬಾರದಲ್ವಾ!

ತಮಾಷೆ ಏನೆಂದರೆ ಈ ಆಟ ಹುಟ್ಟಿದ್ದೇ ಕ್ರಿಕೆಟಿಗರಿಂದ. ಚಳಿಗಾಲದಲ್ಲಿ ಆಟಗಾರರು ಸುಮ್ನೆ ಕೂತು ಮೈ ಬೆಳೆಸಿಕೊಳ್ಳುತ್ತಾರೆ, ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಅಂತ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ಮೆಲ್ಬರ್ನ್‌ನ ಕೆಲವರು ಕೂತು ನಿಯಮ ಬರೆದೇಬಿಟ್ಟರು. ಕ್ರಿಕೆಟ್ ಮೈದಾನದಲ್ಲೇ ಆಡುತ್ತಾ ಬಂದಿದ್ದರಿಂದ ಇವತ್ತಿಗೂ ಇದರ ಅಂಗಳ ಮೊಟ್ಟೆಯಾಕಾರದ್ದು.

ನಿಯಮದ ಪುಸ್ತಕ ಹಿಡಿದು ಈ ಆಟವನ್ನು ವಿವರಿಸಲು ಹೊರಟರೆ ಓದುವವರ ತಲೆ ಕೆಡುತ್ತದೆ. ಒಬ್ಬ ಆಟಗಾರನ ಹಿಂದೆ ಹೋದರೆ ಸಲೀಸು. ನನ್ನ ಆಯ್ಕೆ ಜಿಮ್ ಸ್ಟೈನ್ಸ್. ಇವನಿಗಿಂತ ದೊಡ್ಡ ಆಟಗಾರರು ಬೇಕಾದಷ್ಟು ಜನ ಇದ್ದಾರೆ. ಆದರೆ 18 ವರ್ಷ ತುಂಬುವವರೆಗೂ ಸ್ಟೈನ್ಸ್ ಈ ಆಟ ಆಡಿದವನೇ ಅಲ್ಲ. ನಮ್ಮ ಹಾಗೆ ಹೊರಗಿನವನು. ಅ ಆ ಇ ಈಯಿಂದ ಕಲಿತವನು. ಕಲಿಯುವಾಗ ಇಡೀ ದೇಶ ನೋಡುವ ಹಾಗೆ ಎಡವಿದವನು.

ಹುಟ್ಟಿದ್ದು 1966ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಆಡುತ್ತಿದ್ದದ್ದು ಗೇಲಿಕ್ ಫುಟ್‌ಬಾಲ್. ಅದು ಐರ್ಲೆಂಡಿನವರ ಸ್ವಂತ ಆಟ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಓಡುತ್ತಾ ನೆಲಕ್ಕೋ ಪಾದಕ್ಕೋ ಪುಟಿಸಬೇಕು. 1984ರಲ್ಲಿ ಡಬ್ಲಿನ್‌ನ ಕಿರಿಯರ ತಂಡ ಆಲ್-ಐರ್ಲೆಂಡ್ ಪ್ರಶಸ್ತಿ ಗೆದ್ದಾಗ ಸ್ಟೈನ್ಸ್ ಆ ತಂಡದಲ್ಲಿದ್ದ. ಒಂದು ವಿಷಯ ನೆನಪಿಡಿ: ಗೇಲಿಕ್ ಆಟದಲ್ಲಿ ದುಡ್ಡಿಲ್ಲ. ಎಂಬತ್ತು ಸಾವಿರ ಜನರ ಮುಂದೆ ಫೈನಲ್ ಆಡಿದವನೂ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು.

ಅದೇ ಹೊತ್ತಿಗೆ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ಪಾತಾಳದಲ್ಲಿತ್ತು. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಒಂದು. 1964ರಲ್ಲಿ ಫುಟಿ ಲೀಗಿನ ಕಪ್ ಗೆದ್ದಿದ್ದೇ ಕೊನೆ, ಆಮೇಲೆ ನಾಕೌಟ್ ಹಂತದ ಮುಖವನ್ನೂ ನೋಡಿರಲಿಲ್ಲ. ಆಗ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದ ಊರು-ಬಡಾವಣೆಗಳನ್ನು ಕ್ಲಬ್ಬುಗಳಿಗೆ ಹಂಚಿಕೊಟ್ಟಿದ್ದರು. ಇಂಥ ಕಡೆ ಬೆಳೆದ ಹುಡುಗ ಇಂಥ ಕ್ಲಬ್ಬಿಗೇ ಸೇರಬೇಕು. ನಿಮ್ಮ ಪಾಲಿಗೆ ಬಂದ ಬಡಾವಣೆಯಲ್ಲಿ ಒಳ್ಳೆಯ ಹುಡುಗರಿಲ್ಲದಿದ್ದರೆ ನಿಮ್ಮ ಕಥೆ ಮುಗಿದ ಹಾಗೆ. ಕೋಚ್ ರಾನ್ ಬರಾಸಿ ಇದಕ್ಕೊಂದು ಕಳ್ಳದಾರಿ ಹುಡುಕಿದ. ಬೇಲಿ ಇರುವುದು ವಿಕ್ಟೋರಿಯದಲ್ಲಿ ತಾನೇ? ಐರ್ಲೆಂಡಿನಲ್ಲಿ ಇಲ್ಲವಲ್ಲ! ಅಲ್ಲಿನ ಹುಡುಗರಿಗೆ ಚೆಂಡು ಹಿಡಿಯುವುದು, ಒದೆಯುವುದು, ಓಡುವುದು ಬರುತ್ತದೆ. ಉಳಿದದ್ದನ್ನು ಕಲಿಸಿದರಾಯಿತು. ಐರ್ಲೆಂಡಿನ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರು: ಎತ್ತರದ ಗೇಲಿಕ್ ಆಟಗಾರರು ಬೇಕು, ಓದಿನ ಖರ್ಚು ನಮ್ಮದು. ಅದನ್ನು ನೋಡಿ ಅರ್ಜಿ ಹಾಕಿದ ಸ್ಟೈನ್ಸ್ ಆಯ್ಕೆಯಾದ. 1984ರ ನವೆಂಬರ್‌ನಲ್ಲಿ ವಿಮಾನ ಹತ್ತಿದ. ಎತ್ತರ 199 ಸೆಂಟಿಮೀಟರ್, ಅಂದರೆ ಆರೂವರೆ ಅಡಿ.

ಈಗ ಸ್ವಲ್ಪ ಆಟದ ವಿಷಯ. ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ: ನಡುವೆ ಎರಡು ಎತ್ತರದ್ದು, ಆಚೀಚೆ ಎರಡು ಗಿಡ್ಡದ್ದು. ಚೆಂಡನ್ನು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, ಒಂದೇ ಅಂಕ. ಅದಕ್ಕೇ ಸ್ಕೋರನ್ನು 10.18 (78) ಅಂತ ಬರೆಯುವುದು. ಹತ್ತು ಗೋಲು, ಹದಿನೆಂಟು ಬಿಹೈಂಡ್, ಒಟ್ಟು 78. ಚೆಂಡನ್ನು ಎಸೆಯುವ ಹಾಗಿಲ್ಲ. ಒದೆಯಬೇಕು, ಇಲ್ಲವೇ ಒಂದು ಅಂಗೈ ಮೇಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಕೊಡಬೇಕು. ಚೆಂಡು ಹಿಡಿದು ಓಡಬಹುದು, ಆದರೆ 15 ಮೀಟರಿಗೊಮ್ಮೆ ನೆಲಕ್ಕೆ ಬಡಿದು ವಾಪಸ್ ಹಿಡಿಯಬೇಕು. ಇಲ್ಲಿ ಗೇಲಿಕ್ ಹುಡುಗರು ಒದ್ದಾಡುತ್ತಾರೆ. ಅವರದು ದುಂಡು ಚೆಂಡು, ಹೇಗೆ ಬಿದ್ದರೂ ಕೈಗೇ ಬರುತ್ತದೆ. ಇದು ಎರಡೂ ತುದಿ ಚೂಪಾದ ಚೆಂಡು. ಮೊನೆ ಸರಿಯಾದ ಕೋನದಲ್ಲಿ ನೆಲಕ್ಕೆ ತಾಗದಿದ್ದರೆ ಎಲ್ಲಿಗೆ ಹಾರುತ್ತದೋ ದೇವರಿಗೇ ಗೊತ್ತು.

ಇನ್ನೊಂದು ನಿಯಮ ಈ ಆಟದ ಜೀವ. ಒದ್ದ ಚೆಂಡು ನಿಗದಿತ ದೂರ ಸಾಗಿ ಬಂದಿದ್ದು, ನೆಲಕ್ಕೆ ಬೀಳುವ ಮೊದಲೇ ಅದನ್ನು ಚೊಕ್ಕವಾಗಿ ಹಿಡಿದರೆ ಅದು ‘ಮಾರ್ಕ್’. ಹಿಡಿದವನ ಮೇಲೆ ಆಮೇಲೆ ಯಾರೂ ಬೀಳುವಂತಿಲ್ಲ. ಅವನು ನಿಧಾನಕ್ಕೆ ಹಿಂದೆ ಹೋಗಿ, ಉಸಿರು ತೆಗೆದುಕೊಂಡು, ಆರಾಮಾಗಿ ಒದೆಯಬಹುದು. ಫೌಲಿನಿಂದ ಫ್ರೀ ಕಿಕ್ ಸಿಕ್ಕರೂ ಹೀಗೇ. ಚೆಂಡು ಹಿಡಿದ ಜಾಗದ ಮೇಲೆ ಎದುರಾಳಿ ಒಬ್ಬ ನಿಂತು ಕೈ ಎತ್ತಿ ಅಡ್ಡಿ ಮಾಡಬಹುದು, ಅಷ್ಟೇ. ಆ ಜಾಗ ದಾಟಿ ಬರುವಂತಿಲ್ಲ. ಚೆಂಡು ಹಿಡಿದವನಿಗೂ ಅವನಿಗೂ ನಡುವೆ ಬೇರೆ ಯಾರೂ ಅಡ್ಡ ಓಡುವಂತಿಲ್ಲ. ಓಡಿದರೆ ಅಂಪೈರ್ ದಂಡ ಹಾಕುತ್ತಾನೆ, ಒದೆಯುವ ಜಾಗವನ್ನೇ ಗೋಲಿನ ಹತ್ತಿರಕ್ಕೆ ಒಯ್ಯುತ್ತಾನೆ. ಸಮಯ ಮುಗಿದ ಸೈರನ್ ಮೊಳಗಿದರೂ, ಅದಕ್ಕೆ ಮೊದಲೇ ಸಿಕ್ಕ ಕಿಕ್ಕನ್ನು ಒದೆಯಲು ಬಿಡುತ್ತಾರೆ. ಇಷ್ಟು ಗೊತ್ತಿದ್ದರೆ ಸ್ಟೈನ್ಸ್‌ಗೆ ಏನಾಯಿತು ಅನ್ನುವುದು ತಾನಾಗೇ ಅರ್ಥವಾಗುತ್ತದೆ.

ಮೊದಲೆರಡು ವರ್ಷ ಹೇಳಿಕೊಳ್ಳುವಂಥದ್ದಲ್ಲ. ಕಿರಿಯರ ತಂಡದಲ್ಲಿ ಆಡಿದ, ಆಮೇಲೆ ಕೆಳ ದರ್ಜೆಯ ಪ್ರಾಹ್ರನ್ ಕ್ಲಬ್ಬಿಗೆ ಕಳಿಸಿದರು. ಕರೆತಂದ ಬರಾಸಿಯೇ 1985ರ ಕೊನೆಗೆ ಕ್ಲಬ್ ಬಿಟ್ಟ. ಹೊಸ ಕೋಚ್ ಜಾನ್ ನಾರ್ದಿ 1987ರಲ್ಲಿ ಹುಡುಗನಿಗೆ ಮುಖ್ಯ ತಂಡದಲ್ಲಿ ಅವಕಾಶ ಕೊಟ್ಟ. ಆ ವರ್ಷವೇ ಮೆಲ್ಬರ್ನ್, 23 ವರ್ಷಗಳ ನಂತರ, ನಾಕೌಟ್ ಹಂತಕ್ಕೆ ಬಂತು. ಗೆಲ್ಲುತ್ತಾ ಗೆಲ್ಲುತ್ತಾ ಸೆಮಿಫೈನಲ್ ಅನ್ನಬಹುದಾದ ಪಂದ್ಯದವರೆಗೂ ಬಂತು.

1987ರ ಸೆಪ್ಟೆಂಬರ್ 19. ವೇವರ್ಲಿ ಪಾರ್ಕ್. ಎದುರಾಳಿ ಹಾಥಾರ್ನ್. ಗೆದ್ದವರು ಮುಂದಿನ ಶನಿವಾರ ಗ್ರ್ಯಾಂಡ್ ಫೈನಲ್ ಆಡುತ್ತಾರೆ. ಕೊನೆಯ ಕ್ಷಣಗಳಲ್ಲಿ ಮೆಲ್ಬರ್ನ್ ನಾಲ್ಕು ಅಂಕ ಮುಂದಿದೆ. ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಒಂದು ಫ್ರೀ ಕಿಕ್ ಸಿಗುತ್ತದೆ. ಗೋಲು 50 ಮೀಟರಿಗಿಂತ ದೂರ. ಅಲ್ಲಿಂದ ಒದ್ದರೆ ಚೆಂಡು ಮುಟ್ಟುವುದೇ ಅನುಮಾನ. ಮುಟ್ಟದಿದ್ದರೆ ಪಂದ್ಯ ಮೆಲ್ಬರ್ನ್‌ನದ್ದು. ಸ್ಟೈನ್ಸ್‌ಗೆ ಕಂಡದ್ದು ಬೇರೆ: ಹಾಥಾರ್ನ್‌ನ ಇನ್ನೊಬ್ಬ ಆಟಗಾರ ಖಾಲಿ ಜಾಗಕ್ಕೆ ಓಡುತ್ತಿದ್ದಾನೆ, ಬಕನಾರಾ ಅವನಿಗೆ ಚೆಂಡು ಕೊಟ್ಟುಬಿಟ್ಟರೆ? ತಡೆಯಬೇಕು. ಹತ್ತಿರದ ದಾರಿ ಹಿಡಿದು ಓಡಿದ. ಆ ದಾರಿ ಬಕನಾರಾನ ಮುಂದೆಯೇ, ಅಡ್ಡ ಓಡಬಾರದ ಜಾಗದಲ್ಲೇ ಹಾದು ಹೋಗುತ್ತಿತ್ತು.

ಅಂಪೈರ್ ಸೀಟಿ ಊದಿದ. 15 ಮೀಟರ್ ದಂಡ. ಸೈರನ್ ಆಗಲೇ ಮೊಳಗಿತ್ತು, ಗದ್ದಲದಲ್ಲಿ ಸ್ಟೈನ್ಸ್‌ಗೆ ಕೇಳಿಸಿರಲಿಲ್ಲ. ಬಕನಾರಾ ಈಗ ಸುಮಾರು 40 ಮೀಟರ್ ದೂರದಲ್ಲಿದ್ದ. ಒದ್ದ. ಚೆಂಡು ನಡುಕಂಬಗಳ ನಡುವೆ ಹೋಯಿತು. ಹಾಥಾರ್ನ್‌ಗೆ ಎರಡು ಅಂಕದ ಗೆಲುವು.

ಕೊನೆಯ ಎಸೆತದಲ್ಲಿ ನೋ-ಬಾಲ್ ಹಾಕಿ ಪಂದ್ಯ ಕಳೆದುಕೊಂಡ ಬೌಲರ್‌ನನ್ನು ನಾವು ಎಷ್ಟು ವರ್ಷ ಬಿಡುವುದಿಲ್ಲ, ಅಲ್ವಾ? ಹಾಗೇ ಇದು. ಕೋಚ್ ನಾರ್ದಿ ಬೆರಳು ಮಾಡಿ ಬೈದದ್ದು ಟಿವಿಯಲ್ಲೂ ಬಂತು. ಅದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿತ್ತು. ನಾಯಕ ರಾಬಿ ಫ್ಲವರ್‌ಗೆ ಅದು ಕೊನೆಯ ಪಂದ್ಯ. ಕೆಟ್ಟ ಕಾಲದಲ್ಲೂ ಕ್ಲಬ್ ಬಿಡದೆ 272 ಪಂದ್ಯ ಆಡಿದ, ಎಲ್ಲರಿಗೂ ಬೇಕಾಗಿದ್ದ ಆಟಗಾರ. ಒಮ್ಮೆಯೂ ಗ್ರ್ಯಾಂಡ್ ಫೈನಲ್ ಆಡಲಾಗದೆ ನಿವೃತ್ತನಾದ.

ಸ್ಟೈನ್ಸ್‌ಗೆ ಆ ನಿಯಮ ಗೊತ್ತಿರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ಖಂಡಿತ ಗೊತ್ತಿತ್ತು. ಗೊತ್ತಿರುವುದು ಬೇರೆ, ಮೈಗೆ ಹತ್ತುವುದು ಬೇರೆ. ಮೆಲ್ಬರ್ನ್‌ನಲ್ಲಿ ಹುಟ್ಟಿದ ಹುಡುಗ ಏಳನೇ ವಯಸ್ಸಿಗೇ ಆ ಜಾಗವನ್ನು ಸುತ್ತಿಕೊಂಡು ಓಡುತ್ತಾನೆ, ಯೋಚನೆ ಕೂಡ ಮಾಡದೆ. ಗೇಲಿಕ್ ಹುಡುಗ ಮಾತ್ರ ಆತುರದಲ್ಲಿ ನೇರ ಓಡಿಬಿಡುತ್ತಾನೆ. ಮುಂದಿನ ವರ್ಷ, 1988ರಲ್ಲಿ, ಈ ದಂಡ 15ರಿಂದ 50 ಮೀಟರಿಗೆ ಏರಿತು. ಈಗಂತೂ ಇನ್ನೂ ಬಿಗಿ. 2021ರಿಂದ ಆ ಜಾಗದಲ್ಲಿ ನಿಂತವನು ಆಚೀಚೆ ಅಲ್ಲಾಡುವಂತೆಯೂ ಇಲ್ಲ. ಅಂಪೈರ್ ‘ಸ್ಟ್ಯಾಂಡ್’ ಅಂತ ಕೂಗಿದರೆ ಕಂಬದ ಹಾಗೆ ನಿಲ್ಲಬೇಕು.

1988ರಲ್ಲಿ ಮೆಲ್ಬರ್ನ್ ಗ್ರ್ಯಾಂಡ್ ಫೈನಲ್ ತಲುಪಿತು, ಅದೇ ಹಾಥಾರ್ನ್ ಎದುರು 96 ಅಂಕಗಳಿಂದ ಸೋತಿತು. ಫುಟಿಯಲ್ಲಿ ಸ್ಟೈನ್ಸ್ ಲೀಗಿನ ಕಪ್ ಗೆದ್ದದ್ದೇ ಇಲ್ಲ. ಅವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಪ್ಪು ಮಾಡಿದ, ಪಶ್ಚಾತ್ತಾಪಪಟ್ಟ, ಎದ್ದು ನಿಂತ ಅಂತ ಸಿನಿಮಾ ಥರ ಹೇಳುತ್ತಾರೆ. ಅವನು ಹೇಗೆ ಎದ್ದು ನಿಂತ ಅನ್ನುವುದರಲ್ಲಿ ಆಟದ ಪಾಠವೊಂದಿದೆ. ಅದನ್ನು ಮಾತ್ರ ಯಾರೂ ಜಾಸ್ತಿ ಹೇಳುವುದಿಲ್ಲ.

ಸ್ಟೈನ್ಸ್ ‘ರಕ್‌ಮನ್’. ಅಂದರೆ ತಂಡದ ಅತಿ ಎತ್ತರದವನು. ಅವನ ಕಾಲದಲ್ಲಿ ಅಂಪೈರ್ ಚೆಂಡನ್ನು ಮೈದಾನದ ನಡುವೆ ನೆಲಕ್ಕೆ ಅಪ್ಪಳಿಸಿ ಆಟ ಶುರು ಮಾಡುತ್ತಿದ್ದ. ಚೆಂಡು ಮೇಲಕ್ಕೆ ಹಾರಿದಾಗ ಎರಡೂ ಕಡೆಯ ರಕ್‌ಮನ್‌ಗಳು ಜಿಗಿದು, ತಮ್ಮವರಿಗೆ ಸಿಗುವ ಹಾಗೆ ತಟ್ಟಬೇಕು. ಹಳೆಯ ಕಾಲದ ರಕ್‌ಮನ್‌ಗಳು ಭಾರಿ ಆಳುಗಳು. ತಟ್ಟುವುದು, ಗುದ್ದುವುದು, ಮುಂದಿನ ಕಡೆಗೆ ಹೆಜ್ಜೆ ಎಳೆದುಕೊಂಡು ಹೋಗುವುದು, ಇಷ್ಟೇ ಅವರ ಕೆಲಸ. ಸ್ಟೈನ್ಸ್‌ಗೆ ಅಷ್ಟು ಮೈಕಟ್ಟಿರಲಿಲ್ಲ. ಆದರೆ ಗೇಲಿಕ್ ಆಟ ಕೊಟ್ಟ ಶ್ವಾಸಕೋಶ ಇತ್ತು. ಚೆಂಡು ತಟ್ಟಿದ ಮೇಲೆ ಅವನು ನಿಲ್ಲುತ್ತಲೇ ಇರಲಿಲ್ಲ, ಗಿಡ್ಡ ಆಟಗಾರರ ಜೊತೆ ಮೈದಾನದ ಉದ್ದಗಲ ಓಡುತ್ತಿದ್ದ. ಎದುರಾಳಿ ರಕ್‌ಮನ್‌ಗೆ ಎರಡೇ ದಾರಿ: ಇವನ ಹಿಂದೆ ಓಡಿ ಸುಸ್ತಾಗಬೇಕು, ಇಲ್ಲವೇ ಇವನನ್ನು ಒಬ್ಬನೇ ಬಿಟ್ಟುಬಿಡಬೇಕು. ಒಬ್ಬನೇ ಸಿಕ್ಕ ಆರೂವರೆ ಅಡಿಯವನು ಆರಾಮಾಗಿ ಮಾರ್ಕ್ ಹಿಡಿಯುತ್ತಿದ್ದ. ಇವತ್ತು ಓಡದ ರಕ್‌ಮನ್‌ನನ್ನು ಯಾವ ಕೋಚೂ ಕೇಳುವುದಿಲ್ಲ. ಆಗ ಅದು ಅಪರೂಪ.

ಅದರ ಫಲ 1991ರಲ್ಲಿ ಬಂತು: ಬ್ರೌನ್‌ಲೋ ಪದಕ. ಲೀಗಿನ ಅತಿ ದೊಡ್ಡ ವೈಯಕ್ತಿಕ ಗೌರವ. ಇದನ್ನು ಕೊಡುವ ರೀತಿ ಬಲು ಚೆನ್ನ. ಪ್ರತಿ ಪಂದ್ಯ ಮುಗಿದ ಮೇಲೆ ಅಂಪೈರ್‌ಗಳೇ ಕೂತು ಮೂವರನ್ನು ಆರಿಸಿ 3, 2, 1 ಓಟು ಹಾಕುತ್ತಾರೆ. ಆ ಚೀಟಿ ಗುಟ್ಟು. ಸೀಸನ್ ಕೊನೆಗೆ ಒಂದು ರಾತ್ರಿ ಎಲ್ಲರೂ ಕೋಟು ಹಾಕಿಕೊಂಡು ಊಟಕ್ಕೆ ಕೂತಿರುವಾಗ ಸುತ್ತಿನ ಲೆಕ್ಕದಲ್ಲಿ ಒಂದೊಂದನ್ನೇ ಓದುತ್ತಾರೆ. ಇಡೀ ಊರು ಟಿವಿ ಮುಂದೆ ಕೂತಿರುತ್ತದೆ. ಕೊಳಕು ಆಟ ಆಡಿ ಆ ವರ್ಷ ಅಮಾನತಾದವನು ಎಷ್ಟೇ ಓಟು ಪಡೆದರೂ ಪದಕವಿಲ್ಲ. ಸ್ಟೈನ್ಸ್‌ಗೆ 25 ಓಟು ಬಂದವು. ಬೇರೆ ದೇಶದಲ್ಲಿ ಬೆಳೆದು, ಅಲ್ಲಿಂದ ಆರಿಸಿ ತಂದ ಆಟಗಾರರಲ್ಲಿ ಈ ಪದಕ ಪಡೆದವನು ಇವತ್ತಿಗೂ ಅವನೊಬ್ಬನೇ. ನಾಲ್ಕು ವರ್ಷದ ಹಿಂದೆ ಅದೇ ಅಂಪೈರ್‌ಗಳ ಸೀಟಿ ಅವನನ್ನು ಮುಳುಗಿಸಿತ್ತು.

ಇನ್ನೊಂದು ಅಂಕಿ 244. 1987ರಿಂದ 1998ರವರೆಗೆ ಸತತ 244 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟ ಇದು. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ರಕ್‌ಮನ್ ಅಂತೂ ಪ್ರತಿ ಸಲ ಜಿಗಿದಾಗ ಎದುರಾಳಿಯ ಮಂಡಿ ಎದೆಗೋ ತೊಡೆಗೋ ಬಡಿಯುತ್ತದೆ. ಗಾಯವಿದ್ದರೂ ಸ್ಟೈನ್ಸ್ ಮೈದಾನಕ್ಕಿಳಿಯುತ್ತಿದ್ದ. ಕೊನೆಗೆ 1998ರಲ್ಲಿ ಕೈ ಮೂಳೆ ಮುರಿದು ಸರಣಿ ನಿಂತಿತು. ಕಾಲು ಶತಮಾನಕ್ಕೂ ಹೆಚ್ಚು ಉಳಿದ ಈ ದಾಖಲೆಯನ್ನು 2025ರಲ್ಲಿ ಕಾಲಿಂಗ್‌ವುಡ್‌ನ ಜ್ಯಾಕ್ ಕ್ರಿಸ್ಪ್ ದಾಟಿದ. ಇದನ್ನು ಹೊಗಳುವಾಗ ನನಗೆ ಸ್ವಲ್ಪ ಹಿಂಜರಿಕೆ. ಆಗ ‘ನೋವು ನುಂಗಿ ಆಡು’ ಅನ್ನುವುದೇ ಧರ್ಮವಾಗಿತ್ತು. ಈಗ ತಲೆಗೆ ಪೆಟ್ಟಾಗಿ ಕನ್ಕಷನ್ ಅಂತ ವೈದ್ಯರು ಹೇಳಿದರೆ ಕನಿಷ್ಠ 12 ದಿನ ಆಡುವಂತಿಲ್ಲ. ಆ ಕಾಲದ ಎಷ್ಟೋ ಆಟಗಾರರು ಇವತ್ತು ಮರೆವು, ತಲೆನೋವು ಅಂತ ಕೋರ್ಟು ಹತ್ತಿದ್ದಾರೆ. ಸ್ಟೈನ್ಸ್‌ನ ಹಠಕ್ಕೆ ಕೈ ಮುಗಿಯೋಣ. ಆ ಹಠವನ್ನು ಎಲ್ಲರಿಂದಲೂ ಕೇಳಿದ ವ್ಯವಸ್ಥೆಗೆ ಬೇಡ.

1998ರಲ್ಲಿ ನಿವೃತ್ತಿ. ಒಟ್ಟು 264 ಪಂದ್ಯ, 130 ಗೋಲು, ಕ್ಲಬ್ಬಿನ ವರ್ಷದ ಆಟಗಾರ ಪ್ರಶಸ್ತಿ ನಾಲ್ಕು ಸಲ. ಅದರಲ್ಲಿ ಮೂರು 1995, 96, 97ರಲ್ಲಿ, ಅಂದರೆ ಮೂವತ್ತರ ಆಸುಪಾಸಿನಲ್ಲಿ.

ಇನ್ನೂ ಆಡುತ್ತಿದ್ದಾಗಲೇ, 1994ರಲ್ಲಿ, ಸಿನಿಮಾ ನಿರ್ದೇಶಕ ಪಾಲ್ ಕರಿ ಜೊತೆ ಸೇರಿ ‘ರೀಚ್’ ಎಂಬ ಸಂಸ್ಥೆ ಶುರು ಮಾಡಿದ್ದ. ಹದಿಹರೆಯದ ಹುಡುಗ ಹುಡುಗಿಯರಿಗಾಗಿ. ದೊಡ್ಡವರು ವೇದಿಕೆ ಮೇಲೆ ನಿಂತು ಬುದ್ಧಿ ಹೇಳುವುದು ಅಲ್ಲಿಲ್ಲ. ಸ್ವಲ್ಪವೇ ದೊಡ್ಡ ವಯಸ್ಸಿನ ಹುಡುಗರೇ ಕಾರ್ಯಾಗಾರ ನಡೆಸುತ್ತಾರೆ, ಮನಸ್ಸಿನಲ್ಲಿದ್ದದ್ದನ್ನು ಮಾತಾಡಿಸುತ್ತಾರೆ. ಗಂಡಸು ಅಂದರೆ ಬಾಯಿ ಮುಚ್ಚಿಕೊಂಡು ಸಹಿಸಬೇಕು ಅನ್ನುತ್ತಿದ್ದ ಆಟದ ಒಳಗಿಂದಲೇ ಈ ಕೆಲಸ ಹುಟ್ಟಿತು. ವಿಕ್ಟೋರಿಯ ರಾಜ್ಯ ಅವನನ್ನು ಎರಡು ಸಲ ವರ್ಷದ ವ್ಯಕ್ತಿ ಅಂತ ಗೌರವಿಸಿದ್ದು ಮುಖ್ಯವಾಗಿ ಇದಕ್ಕೇ.

2008ರಲ್ಲಿ ಹಳೆಯ ಕ್ಲಬ್ ಮತ್ತೆ ಕರೆಯಿತು, ಈ ಸಲ ಅಧ್ಯಕ್ಷನಾಗಲು. ತಲೆ ಮೇಲೆ 50 ಲಕ್ಷ ಡಾಲರ್ ಸಾಲ. ಆಸ್ಟ್ರೇಲಿಯದಲ್ಲಿ ಈ ಕ್ಲಬ್ಬುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಐಪಿಎಲ್ ಥರ ಮಾಲೀಕರಿಲ್ಲ, ಸದಸ್ಯರದ್ದೇ ಕ್ಲಬ್. ಸಾಲ ತೀರಿಸಲು ಸದಸ್ಯರ ಹತ್ತಿರವೇ ಕೈ ಚಾಚಬೇಕು. ಸ್ಟೈನ್ಸ್ ಅದನ್ನೇ ಮಾಡಿದ. ಸಾಲ ಕೆಡವುವ ಅಭಿಯಾನ ಅಂತ ಹೆಸರಿಟ್ಟು ಊಟದ ಕೂಟ ಏರ್ಪಡಿಸಿದರು. ಒಂದೇ ರಾತ್ರಿಯಲ್ಲಿ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಕೂಡಿತು. 2010ರ ಆಗಸ್ಟ್‌ಗೆ ಸಾಲ ಪೂರ್ತಿ ಚುಕ್ತಾ.

ಅಷ್ಟರಲ್ಲಿ ಅವನ ಮೈಯಲ್ಲೇ ಇನ್ನೊಂದು ಶುರುವಾಗಿತ್ತು. 2009ರ ಜುಲೈ 2ರಂದು ಪತ್ರಿಕಾಗೋಷ್ಠಿ ಕರೆದು, ತನಗೆ ಕ್ಯಾನ್ಸರ್ ಇದೆ ಅಂತ ಹೇಳಿದ. ಬೆನ್ನಿನಲ್ಲಿ ಕಂಡ ಗಂಟಿನಿಂದ ಗೊತ್ತಾದ ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರ್, ಆಗಲೇ ಹರಡಿತ್ತು. ಆಸ್ಟ್ರೇಲಿಯದ ಬಿಸಿಲಿಗೆ ಐರ್ಲೆಂಡಿನಂಥ ಬಿಳಿ ಚರ್ಮ ಹೇಳಿದ್ದಲ್ಲ. ಈ ಕಾಯಿಲೆ ಅತಿ ಹೆಚ್ಚು ಕಾಣುವ ದೇಶಗಳಲ್ಲಿ ಆಸ್ಟ್ರೇಲಿಯ ಮುಂಚೂಣಿಯಲ್ಲಿದೆ. ಆಮೇಲೆ ಮಿದುಳಿಗೂ ಹಬ್ಬಿತು, ಮೇಲಿಂದ ಮೇಲೆ ಆಪರೇಷನ್ ಆದವು. ತಲೆಗೆ ಹೊಲಿಗೆ ಹಾಕಿಸಿಕೊಂಡೇ ಸಭೆಗೆ ಬರುತ್ತಿದ್ದ.

ಕ್ಲಬ್ಬಿನ ಲೆಕ್ಕಪತ್ರ ಸರಿಹೋಯಿತು, ಆಟ ಮಾತ್ರ ಸರಿಹೋಗಲಿಲ್ಲ. ಇದನ್ನು ಮುಚ್ಚಿಡಬಾರದು. 2011ರ ಜುಲೈನಲ್ಲಿ ಜಿಲಾಂಗ್ ಎದುರು ಮೆಲ್ಬರ್ನ್ 186 ಅಂಕಗಳಿಂದ ಸೋತಿತು, 233ಕ್ಕೆ 47. ಕೋಚ್ ಡೀನ್ ಬೇಲಿ ಕೆಲಸ ಹೋಯಿತು. ಇನ್ನೊಂದು ವಿಷಯ ಸ್ಟೈನ್ಸ್ ಸತ್ತ ಮೇಲೆ ದೊಡ್ಡದಾಯಿತು. ಈ ಲೀಗಿನಲ್ಲಿ ಕೊನೆಯಲ್ಲಿ ನಿಂತ ತಂಡಕ್ಕೆ ಮುಂದಿನ ವರ್ಷಕ್ಕೆ ಒಳ್ಳೆಯ ಹೊಸ ಹುಡುಗರನ್ನು ಮೊದಲು ಆರಿಸುವ ಅವಕಾಶ ಸಿಗುತ್ತದೆ. ಆ ಆಸೆಗೆ 2009ರಲ್ಲಿ ಮೆಲ್ಬರ್ನ್ ಬೇಕಂತಲೇ ಸೋತಿತೇ ಅಂತ ತನಿಖೆ ನಡೆಯಿತು. ಬೇಕಂತ ಸೋತಿಲ್ಲ ಅಂತ ಲೀಗ್ 2013ರಲ್ಲಿ ತೀರ್ಮಾನಿಸಿತು. ಹಾಗಂದೂ ಕ್ಲಬ್ಬಿಗೆ 5 ಲಕ್ಷ ಡಾಲರ್ ದಂಡ ಹಾಕಿತು, ಬೇಲಿಯನ್ನೂ ಇನ್ನೊಬ್ಬ ಅಧಿಕಾರಿಯನ್ನೂ ಅಮಾನತು ಮಾಡಿತು. ಓದುವವರಿಗೆ ಇದು ವಿಚಿತ್ರ ಅನಿಸಿದರೆ, ಅಲ್ಲಿಯವರಿಗೂ ಹಾಗೇ ಅನಿಸಿತ್ತು.

ಸ್ಟೈನ್ಸ್ 2012ರ ಫೆಬ್ರುವರಿಯಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ. ಮಾರ್ಚ್ 20ರಂದು ಮೆಲ್ಬರ್ನ್‌ನ ಸೇಂಟ್ ಕಿಲ್ಡಾದ ಮನೆಯಲ್ಲಿ ತೀರಿಕೊಂಡ, ವಯಸ್ಸು 45. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವನ ಪ್ರತಿಮೆ ಈಗ ಎಂಸಿಜಿ ಹೊರಗೆ ನಿಂತಿದೆ. ಯಾರಾ ನದಿ ಪಕ್ಕದ ಒಂದು ಕಾಲುಸೇತುವೆಗೂ ಅವನ ಹೆಸರಿದೆ. ಮೆಲ್ಬರ್ನ್ ಕೊನೆಗೂ ಕಪ್ ಗೆದ್ದದ್ದು 2021ರಲ್ಲಿ, 57 ವರ್ಷ ಕಾದ ಮೇಲೆ. ಕೋವಿಡ್ ಕಾರಣ ಆ ಫೈನಲ್ ನಡೆದದ್ದು ಪರ್ತ್‌ನಲ್ಲಿ.

ಬರಾಸಿಯ ಕಳ್ಳದಾರಿ ಈಗ ಹೆದ್ದಾರಿ. ಐರ್ಲೆಂಡಿನ ಕೆರಿ ಕೌಂಟಿಯ ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಜೊತೆ ಕಪ್ ಗೆದ್ದ, ಆಮೇಲೆ ಊರಿಗೆ ಹೋಗಿ 2009ರಲ್ಲಿ ಆಲ್-ಐರ್ಲೆಂಡನ್ನೂ ಗೆದ್ದ. ಝ್ಯಾಕ್ ಟೂಹಿ 2022ರಲ್ಲಿ ಜಿಲಾಂಗ್ ಜೊತೆ ಕಪ್ ಎತ್ತಿದ, ಮರುವರ್ಷ ಐರಿಶ್ ಆಟಗಾರರಲ್ಲಿ ಅತಿ ಹೆಚ್ಚು ಪಂದ್ಯಗಳೆಂಬ ಸ್ಟೈನ್ಸ್‌ನ 264ರ ದಾಖಲೆ ಮುರಿದ. ಹೆಂಗಸರ ಲೀಗ್ ಶುರುವಾದ ಮೇಲಂತೂ ಗೇಲಿಕ್ ಆಡುವ ಹುಡುಗಿಯರು ಸಾಲುಗಟ್ಟಿ ಬರುತ್ತಿದ್ದಾರೆ. ಐರ್ಲೆಂಡಿನಲ್ಲಿ ಇದರ ಬಗ್ಗೆ ಹೆಮ್ಮೆಯೂ ಇದೆ, ಸಿಟ್ಟೂ ಇದೆ. ಸಿಟ್ಟಿಗೆ ಕಾರಣ ಸರಳ. ಹತ್ತು ಹನ್ನೆರಡು ವರ್ಷ ಸಂಜೆ ಹೊತ್ತು ಬಿಟ್ಟಿಯಾಗಿ ತರಬೇತಿ ಕೊಟ್ಟು ಹುಡುಗನನ್ನು ಬೆಳೆಸಿದ್ದು ಊರಿನ ಕ್ಲಬ್. ಅವನು ಸಂಬಳವಿಲ್ಲದ ಆಟಗಾರ, ಹಾಗಾಗಿ ಸಾಕರ್ ಕ್ಲಬ್ಬುಗಳಿಗೆ ಸಿಗುವಂಥ ಟ್ರಾನ್ಸ್‌ಫರ್ ದುಡ್ಡಿನ ಮಾತೇ ಇಲ್ಲ. ಆಸ್ಟ್ರೇಲಿಯದವರು ಬಂದು ಓಡಿಸಿ, ಜಿಗಿಸಿ, ಅಳೆದು ನೋಡುತ್ತಾರೆ, ಚೆನ್ನಾಗಿದ್ದವನನ್ನು ಕರೆದುಕೊಂಡು ಹೋಗುತ್ತಾರೆ. ಕ್ಲಬ್ ಮಾತ್ರ ಮುಂದಿನ ಸೀಸನ್‌ಗೆ ಇನ್ನೊಬ್ಬ ಎತ್ತರದ ಹುಡುಗನನ್ನು ಹುಡುಕಬೇಕು.